ಶಾಂತಿಗೆಂದು ಹಾಕಿದ ಓಟು

ದಿಜೋನ್,
ಭಾನುವಾರ, 13 ಮೇ 1956

ಪ್ರೀತಿಯ ಅಪ್ಪಾ,

ನೀನು ಅಜ್ಜನಾಗುತ್ತಿದ್ದೀಯ, ಅಜ್ಜ, ಅಜ್ಜ, ಎಷ್ಟು ಸಲ ಬರೆದರೂ ನನಗೆ ತೃಪ್ತಿಯೇ ಆಗುತ್ತಿಲ್ಲ! ಶುಕ್ರವಾರ ಡಾಕ್ಟರು ಖಚಿತವಾಗಿ ಹೇಳಿದರು, ನವೆಂಬರ್ ಕೊನೆಯ ಹೊತ್ತಿಗೆ ಅಂತೆ. ಅವರ ಮನೆಯ ಮೆಟ್ಟಿಲನ್ನು ಇಳಿದೆನೋ ಹಾರಿದೆನೋ ನನಗೇ ಗೊತ್ತಿಲ್ಲ. ಬೀದಿಯಲ್ಲಿ ಎದುರು ಸಿಕ್ಕ ಮೊದಲ ಮನುಷ್ಯನಿಗೇ ಹೇಳಿಬಿಟ್ಟೆ. ಅವನೊಬ್ಬ ಕಲ್ಲಿದ್ದಲು ಹೊರುವವನು, ಟೋಪಿ ತೆಗೆದು, "ಕೈಯೆಲ್ಲ ಮಸಿ ತಾಯಿ, ದೂರದಿಂದ್ಲೇ ಹರಸ್ತೀನಿ" ಎಂದ. ಅಮ್ಮನಿಗೆ ನೀನೇ ಹೇಳು, ಆದರೆ ಊಟ ಮುಗಿದಮೇಲೆ ಹೇಳು. ಇಲ್ಲವಾದರೆ ಅವಳು ಒಲೆಯ ಮೇಲೆ ಸೂಪನ್ನು ಬಿಟ್ಟು ಉಣ್ಣೆ ಹುಡುಕಲು ಓಡುತ್ತಾಳೆ, ನಿನಗೆ ಸೀದ ಸೂಪೇ ಗತಿ.

ನಿನ್ನ ಮೊಣಕಾಲು ಹೇಗಿದೆ? ಚಳಿಗಾಲದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತೂ ನಿಂತೂ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲವಂತೆ. ಹಚ್ಚಿಕೊಳ್ಳಲು ಕೊಟ್ಟ ಬ್ರಾಂದಿ ಮೊಣಕಾಲಿಗಿಂತ ಹೆಚ್ಚಾಗಿ ಗಂಟಲಿಗೆ ಹೋಗುತ್ತಿದೆ ಎಂದು ಅಮ್ಮ ಬರೆದಿದ್ದಾಳೆ. ವಾಲ್‌ಬ್ರೂನ್‌ನಂಥ ಪುಟ್ಟ ಸ್ಟೇಷನ್ನಿನ ಮಾಸ್ತರನಿಗೆ ಒಬ್ಬ ಸಹಾಯಕನನ್ನಾದರೂ ಕೊಡಬೇಕಿತ್ತು. ಇರಲಿ, ನಿವೃತ್ತಿಗೆ ಇನ್ನೆರಡೇ ವರ್ಷ. ಆಮೇಲೆ ನೀನು ಬೆಳಗಿನ ಗೂಡ್ಸ್ ರೈಲಿಗೆ ಏಳದೆ, ಮೊಮ್ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ತೋಟದ ಬಟಾಣಿ ಸುಲಿಯುತ್ತಿರಬಹುದು. ನಾನು ಆಗಲೇ ಆ ಚಿತ್ರವನ್ನು ಕಣ್ಣಾರೆ ಕಂಡಾಗಿದೆ. ಮಗು ನಿನ್ನ ಮೀಸೆ ಎಳೆಯುತ್ತಿದೆ.

ನಮ್ಮ ಸಂಸಾರ ಹೇಗಿದೆ ಎಂದು ಕೇಳಿದ್ದೆಯಲ್ಲ. ಅಯ್ಯೋ ಅಪ್ಪಾ, ಎರಡು ಕೋಣೆ, ಒಂದು ಕಿಟಕಿ, ನನಗೆ ಅರಮನೆ! ಕೆಳಗಿನ ಮನೆಯಲ್ಲಿ ಮದಾಂ ಪೆರ್ನೊ ಇದ್ದಾರೆ, ಮನೆಯ ಒಡತಿ. ಹದಿನಾಲ್ಕರ ಮಹಾಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ನಾಲಿಗೆ ಮಾತ್ರ ಚೂರಿ. ರೆಮಿ ಕ್ಷೌರ ಮಾಡಿಕೊಳ್ಳುವಾಗ ಹಾಡುತ್ತಾನೆ, ಅದೂ ಶ್ರುತಿಯಿಲ್ಲದೆ. ಮದಾಂ ಪೆರ್ನೊ ಕೋಲಿನಿಂದ ತಮ್ಮ ಸೂರಿಗೆ ಕುಟ್ಟಿ, "ಆ ಕೋಳೀನ ಒಂದೇ ಸಲ ಕೊಯ್ದುಬಿಡಮ್ಮ, ನರಳಿಸ್ಬೇಡ" ಎಂದು ಕೂಗುತ್ತಾರೆ. ಮೋಟರ್‌ಸೈಕಲ್ ಕಾರ್ಖಾನೆಯಿಂದ ಬಂದಮೇಲೆ ಅವನು ಎಷ್ಟು ತೊಳೆದರೂ ಕೈಯ ಎಣ್ಣೆ ವಾಸನೆ ಹೋಗುವುದಿಲ್ಲ, ನನಗೀಗ ಆ ವಾಸನೆ ಇಲ್ಲದೆ ನಿದ್ದೆ ಬರುವುದಿಲ್ಲ. ಇದನ್ನು ಅಪ್ಪನಿಗೆ ಬರೆಯಬಾರದೇನೋ. ಬರೆದಾಯಿತು.

ಇಷ್ಟು ಹೊತ್ತು ನಗುತ್ತಾ ಬರೆದೆ, ಏಕೆಂದರೆ ಮುಂದಿನದನ್ನು ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ಬುಧವಾರ ಬೆಳಿಗ್ಗೆ ಇಬ್ಬರು ಪೊಲೀಸರು ಬಂದರು. ರೆಮಿಯನ್ನು ಸೈನ್ಯಕ್ಕೆ ಮತ್ತೆ ಕರೆದಿದ್ದಾರೆ. ಅಲ್ಜೀರಿಯಾಕ್ಕೆ. ಗುರುವಾರ ಹೊರಡಬೇಕು. ಅಂದರೆ ಡಾಕ್ಟರ ಬಳಿಗೆ ಹೋಗುವಾಗಲೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಮೆಟ್ಟಿಲ ಮೇಲಿಂದ ಹಾರಿದೆ. ಸಂತೋಷಕ್ಕೆ ಬುದ್ಧಿ ಇಲ್ಲ ಅಪ್ಪಾ. ಮೂರು ಮಕ್ಕಳಿರುವವರನ್ನು ಬಿಡುತ್ತಾರಂತೆ ಎಂದು ಯಾರೋ ಹೇಳಿದರು. ರೆಮಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಗುರುವಾರದೊಳಗೆ ಇನ್ನೆರಡು ಆಗುತ್ತಾ ಅಂತ ಡಾಕ್ಟ್ರನ್ನ ಕೇಳ್ಬೇಕಿತ್ತು ಕಣೇ" ಎಂದ. ಇಬ್ಬರೂ ತುಂಬಾ ನಕ್ಕೆವು. ಆಮೇಲೆ ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ.

ನಿನಗೆ ನೆನಪಿರಬೇಕು, ನಾವು ಎಷ್ಟು ಕಾದೆವು ಎಂದು. ಅವನು ಸೈನ್ಯದಲ್ಲಿದ್ದಾಗಲೇ ಮದುವೆಯಾಗುತ್ತೇವೆಂದು ನಾನು ಅತ್ತು ಕರೆದು ರಂಪ ಮಾಡಿದರೂ ನೀನು ಒಪ್ಪಲಿಲ್ಲ. "ಗೊಂಬೆ ಬರ್ಲಿ, ಆಮೇಲೆ ಉಂಗ್ರ" ಎಂದೆ. ಊರಿಗೆ ಊರೇ ಹಾಗೆ ನಡೆದುಕೊಂಡು ಬಂದಿದೆ, ನಾನೇನು ಹೊಸಬಳೇ? ಹುಡುಗ ತನ್ನ ಪಾಲಿನ ಕಡ್ಡಾಯ ಸಿಪಾಯಿಗಿರಿ ಮುಗಿಸಬೇಕು, ಬಿಡುಗಡೆಯ ದಿನ, ಅದು ಮುಗಿದದ್ದಕ್ಕೆ ಗುರುತಾದ ಆ ಮರದ ಗೊಂಬೆಯನ್ನು ಕೊರಳಿಗೆ ಕಟ್ಟಿಕೊಂಡು ರೈಲಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ "ಮುಗೀತು! ಮುಗೀತು!" ಎಂದು ಅರಚುತ್ತಾ ಬರಬೇಕು, ಅಲ್ಲಿಗೆ ಅವನು ಗಂಡಸಾದ, ಅವನಿಗೆ ಹೆಣ್ಣು ಕೊಡಬಹುದು. ರೆಮಿ ಡಿಸೆಂಬರಿನಲ್ಲಿ ಬಂದ. ಅವನ ಗೊಂಬೆ ಬೀಚ್ ಮರದ್ದು, ತಾನೇ ಕೆತ್ತಿದ್ದು, ಮೊಳದುದ್ದ. ಈಗ ಅದು ನಮ್ಮ ಬಟ್ಟೆಯ ಬೀರುವಿನ ಮೇಲಿದೆ. ಬುಧವಾರ ಬಂದ ಪೊಲೀಸರಲ್ಲಿ ಚಿಕ್ಕವನು ಅದನ್ನು ನೋಡಿ ತಲೆ ತಗ್ಗಿಸಿದ. ಪಾಪ, ಅವನದೂ ಒಂದು ಮನೆಯಲ್ಲಿ ಎಲ್ಲೋ ಇರುತ್ತದೆ. "ಇದಕ್ಕೇನು ಬೆಲೆ ಇಲ್ವಾ?" ಎಂದು ನಾನು ಕೇಳಿದೆ. ದೊಡ್ಡವನು, "ಅದು ಆಟದ ಸಾಮಾನಮ್ಮ" ಎಂದ.

ಅಪ್ಪಾ, ಡಿಸೆಂಬರಿನಲ್ಲಿ ನಾವಿಬ್ಬರೂ ಏನು ಮಾಡುತ್ತಿದ್ದೆವು? ನೀನು ಪಕ್ಷದ ಊರ ಶಾಖೆಯ ಕಾರ್ಯದರ್ಶಿ, ನಾನು ಚುನಾವಣೆಯ ಭಿತ್ತಿಪತ್ರಗಳಿಗೆ ನಿನ್ನ ಅಂಟಿನ ಬಕೆಟ್ಟು ಹೊರುವವಳು. ಅಂಟು ಹೆಪ್ಪುಗಟ್ಟದಿರಲಿ ಎಂದು ನಾನು ಬಕೆಟ್ಟನ್ನು ಕೋಟಿನೊಳಗೆ ಅಪ್ಪಿಕೊಂಡಿದ್ದೆ. ಅಲ್ಜೀರಿಯಾದಲ್ಲಿ ಶಾಂತಿ, ಅಲ್ಜೀರಿಯಾದಲ್ಲಿ ಶಾಂತಿ, ಡೈರಿಯ ಗೋಡೆಗೆ, ಬಟ್ಟೆ ಒಗೆಯುವ ಕಟ್ಟೆಗೆ, ಕೊನೆಗೆ ಚರ್ಚಿನ ಪಾದ್ರಿಯ ಗೋಡೆಗೂ ಒಂದು. ಪಾದ್ರಿ ಹೊರಗೆ ಬಂದು, "ಶಾಂತಿ ಅಂತಿದೆ, ಬಿಡಿ, ಕೀಳಲ್ಲ" ಎಂದು ಒಳಗೆ ಹೋದರು. ಜನವರಿ ಎರಡಕ್ಕೆ ನನ್ನ ಮೊದಲ ಓಟು. ನೀನು ನನ್ನ ತೋಳು ಹಿಡಿದು, ಚರ್ಚಿಗೆ ಮದುಮಗಳನ್ನು ಕರೆದೊಯ್ಯುವ ಹಾಗೆ ಊರ ಕಚೇರಿಗೆ ಕರೆದೊಯ್ದೆ. ಪರದೆಯ ಹಿಂದೆ ಚೀಟಿಯನ್ನು ಎರಡು ಸಲ ಓದಿ ಮಡಿಸಿದೆ. ನಾನು ಹಾಕಿದ್ದು ಚೀಟಿಯಲ್ಲ ಅಪ್ಪಾ, ರೆಮಿಯನ್ನು ಹಾಕಿದೆ, ನಮ್ಮ ಎರಡು ಕೋಣೆ ಹಾಕಿದೆ, ಇನ್ನೂ ಹುಟ್ಟದ ಈ ಮಗುವನ್ನು ಹಾಕಿದೆ. ನಮ್ಮವರು ಗೆದ್ದರು. ನಮ್ಮ ನಾಯಕ ಪ್ರಧಾನಿಯಾದ. ರೇಡಿಯೊದಲ್ಲಿ ಸುದ್ದಿ ಬಂದಾಗ ನೀನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ.

ಮದುವೆಯ ದಿನವೂ ಅದೇ ಮಾತಾಗಿತ್ತು, ನೋಡು. ಆ ಭಯಂಕರ ಫೆಬ್ರವರಿ, ಎಲ್ಲರೂ ಓವರ್‌ಕೋಟು ಹಾಕಿಕೊಂಡೇ ಕುಣಿದದ್ದು! ಅದೇ ವಾರ ಪ್ರಧಾನಿ ಅಲ್ಜಿಯರ್ಸಿಗೆ ಹೋಗಿ ಅಲ್ಲಿ ನೆಲೆಸಿದ ಫ್ರೆಂಚರಿಂದಲೇ ಟೊಮೇಟೊ ಏಟು ತಿಂದಿದ್ದ. ರೆಮಿಯ ಚಿಕ್ಕಪ್ಪ, "ಸಾಸು ಚೆನ್ನಾಗಿತ್ತಂತಾ ಮಾಸ್ತರೇ?" ಎಂದು ನಿನ್ನನ್ನು ಕೆಣಕಿದರು. ನೀನು ಎದ್ದು ಲೋಟ ಎತ್ತಿ, "ನಮ್ಮೋನು ಟೊಮೇಟೊಗೆ ಹೆದರೋ ಪೈಕಿ ಅಲ್ಲ. ಶಾಂತಿಗೆ ಅಂತ ಕುಡೀರಿ!" ಎಂದೆ. ಎಲ್ಲರೂ ಕುಡಿದೆವು. ಆದರೆ ಅವನು ಹೆದರಿದ. ಅಲ್ಲಿಂದ ಬಂದವನೇ ಬೇರೆ ಮಾತಾಡತೊಡಗಿದ. ಮೊದಲು ಇನ್ನಷ್ಟು ಸೈನ್ಯ, ಆಮೇಲೆ ಮಾತುಕತೆ ಎಂದ. ಹಿಂದಿನವರು ಹೇಳುತ್ತಿದ್ದುದೂ ಇದನ್ನೇ ಅಲ್ಲವೇ? ಹಿಂದಿನವರನ್ನು ಬೈಯಲು ನಮಗೆ ಅಂಟು ಬಕೆಟ್ಟಾದರೂ ಇತ್ತು. ರೆಮಿ ಹೇಳುತ್ತಾನೆ: "ಟೊಮೇಟೊ ಬಿದ್ದದ್ದು ಅವನ ಕೋಟಿಗೆ, ಒರ್ಸಕ್ಕೆ ಹೋಗ್ಬೇಕಾದ್ದು ನಾನು."

ನಿನ್ನೆ ಮಧ್ಯಾಹ್ನ ನಮ್ಮ ಸಂಸದರು ಇಲ್ಲಿನ ಪಕ್ಷದ ಕಚೇರಿಗೆ ಬಂದಿದ್ದರು. ನಾನು ಹೋದೆ, ಮದಾಂ ಪೆರ್ನೊ ಕೋಲು ಹಿಡಿದು ಜೊತೆಗೆ ಬಂದರು. ಗಂಡಂದಿರಿಗೆ ಕರೆ ಬಂದ ಇನ್ನೂ ಇಬ್ಬರು ಹೆಂಗಸರಿದ್ದರು. ನಾನು ಎದ್ದು ನಿಂತು, ಕಾಮ್ರೇಡ್, ನಾವು ಶಾಂತಿಗೆ ಓಟು ಹಾಕಿದೆವು, ಯುದ್ಧ ಯಾಕೆ ಬಂತು ಎಂದು ಕೇಳಿದೆ. "ಅದು ಯುದ್ಧ ಅಲ್ಲಮ್ಮ, ಶಾಂತಿ ನೆಲೆಗೊಳಿಸೋ ಕೆಲಸ" ಎಂದರು, ತುಂಬಾ ಮೃದುವಾಗಿ, ನಾನು ನನ್ನ ಶಾಲೆಯ ಪುಟಾಣಿಗಳಿಗೆ ಹೇಳುವ ಹಾಗೆ. "ಹಾಗಾದ್ರೆ ನನ್ನ ಗಂಡನ ಕೈಗೆ ಬಂದೂಕು ಬೇಡ, ಪೊರಕೆ ಕೊಟ್ಟು ಕಳ್ಸಿ" ಎಂದೆ. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ಹೊಸ ಮದ್ವೆ, ಹಾಸ್ಗೆ ತಣ್ಣಗಾಗುತ್ತೆ ಅಂತ ಸಂಕಟ" ಎಂದ. ಕೆಲವರು ನಕ್ಕರು. ಮದಾಂ ಪೆರ್ನೊ ತಿರುಗಿ, "ನಿಂದು ತಣ್ಣಗಾಗಿ ಮೂವತ್ತು ವರ್ಷ ಆಯ್ತಲ್ಲೋ, ನಿಂಗ್ಯಾಕೆ ಈ ವಿಚಾರ?" ಎಂದರು. ಆಗ ಎಲ್ಲರೂ ನಕ್ಕರು. ಸಂಸದರು ಕಾಗದ ಜೋಡಿಸಿಕೊಂಡು ಎದ್ದರು. ಬಾಗಿಲಲ್ಲಿ ನನ್ನ ಕೈ ಹಿಡಿದು, "ನೀವು ವಾಲ್‌ಬ್ರೂನ್ ಮಾಸ್ತರ ಮಗಳಲ್ವಾ, ತಂದೆಯವರು ನಿಷ್ಠಾವಂತರು" ಎಂದಷ್ಟೇ ಹೇಳಿದರು. ಅಪ್ಪಾ, ಆ ಮಾತು ಕೇಳಿ ನನಗೆ ಹೆಮ್ಮೆಯಾಗಲಿಲ್ಲ. ನಾಚಿಕೆಯಾಯಿತು ಎಂದು ಬರೆದರೆ ನಿನಗೆ ನೋವಾದೀತು. ಆದರೂ ಬರೆಯುತ್ತಿದ್ದೇನೆ.

ಹೋದ ವಾರ ನೀನು ಬರೆದಿದ್ದೆ, "ಪ್ರಧಾನಿ ಹೊಸಬ, ಅವನಿಗೆ ಸ್ವಲ್ಪ ಸಮಯ ಕೊಡ್ಬೇಕು ಮಗಳೇ, ಅಲ್ಲಿ ಕೂತವರಿಗೆ ಕಾಣೋದು ನಮಗೆ ಕಾಣಲ್ಲ" ಎಂದು. ಕೊಡುತ್ತಿದ್ದೆ ಅಪ್ಪಾ, ನನ್ನ ಸಮಯವಾಗಿದ್ದರೆ ಕೊಡುತ್ತಿದ್ದೆ. ಅವನು ಕೇಳುತ್ತಿರುವುದು ರೆಮಿಯ ಸಮಯ. ನೀನೂ ಒಮ್ಮೆ ಕೊಟ್ಟಿದ್ದೆ, ಮೂವತ್ತೊಂಬತ್ತರಿಂದ ನಲವತ್ತೈದರ ತನಕ, ಅದರಲ್ಲಿ ಐದು ವರ್ಷ ಜರ್ಮನರ ಸೆರೆಯಲ್ಲಿ. ನೀನು ಹೋದಾಗ ನನಗೆ ಐದು ವರ್ಷ. ತಿರುಗಿ ಬಂದ ದಿನ ನಾನು ಬಾಗಿಲು ತೆರೆದು, ಎದುರು ನಿಂತ ಬಡಕಲು ಮನುಷ್ಯನಿಗೆ, ಅಪರಿಚಿತ ಗಂಡಸರಿಗೆ ಹೇಳಲು ಅಮ್ಮ ಕಲಿಸಿದ್ದ ಹಾಗೆ, "ನಮಸ್ಕಾರ ಮೊಸ್ಯೂ" ಎಂದೆ. ನೀನು ಟೋಪಿ ತೆಗೆದು, "ನಮಸ್ಕಾರ ಪುಟ್ಟಮ್ಮಾ" ಎಂದೆ, ಮತ್ತೆ ಮನೆಯೊಳಕ್ಕೆ ಬರಲು ನನ್ನ ಅನುಮತಿಗೆ ಕಾಯುತ್ತಾ ಹೊಸ್ತಿಲ ಮೇಲೇ ನಿಂತೆ. ಈ ಮಗು ತನ್ನ ಅಪ್ಪನನ್ನು ಮೊಸ್ಯೂ ಎಂದು ಕರೆಯಬಾರದು. ನನಗೆ ಬೇಕಾದದ್ದು ಅಷ್ಟೇ. ಅಲ್ಲಿಯೂ ಯಾವುದೋ ಮನೆಯ ಬಾಗಿಲನ್ನು ರೆಮಿ ಬಂದೂಕಿನಿಂದ ತಟ್ಟಬೇಕಾಗುತ್ತದೆ, ಅಲ್ಲಿಯೂ ಒಂದು ಮಗು ಬಾಗಿಲು ತೆರೆಯುತ್ತದೆ. ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮೂರು ದಿನದಿಂದ ಕ್ಷೌರ ಮಾಡಿಕೊಳ್ಳುವಾಗ ಹಾಡಿಲ್ಲ. ಮದಾಂ ಪೆರ್ನೊ ಈ ಬೆಳಿಗ್ಗೆ ಮೇಲೆ ಬಂದು, ನಮ್ಮ ಕೋಳಿ ಎಲ್ಲಿ ಎಂದು ಕೇಳಿ ಅತ್ತುಬಿಟ್ಟರು.

ಹಾಳೆ ಮುಗಿಯಿತು, ಅಂಚಿಗೆ ಬಂದಿದ್ದೇನೆ. ಅಮ್ಮನಿಗೆ ಎರಡೂ ಕೆನ್ನೆಗೆ ಮುತ್ತು, ನಿನ್ನ ಮೊಣಕಾಲಿಗೆ ಬೆಚ್ಚನೆಯ ಉಣ್ಣೆ, ಗಂಟಲಿಗೆ ಸಂಯಮ. ಹುಟ್ಟಲಿರುವ ಮಗುವಿಗೂ ನಿನ್ನ ಆಶೀರ್ವಾದವಿರಲಿ, ಹೊರಟವನಿಗೂ ಇರಲಿ.

ನಿನ್ನ ಮುದ್ದಿನ, ಬಾಯಿಬಡುಕಿ,
ಸೊಲಾಂಜ್

ತಾ.ಕ. ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ, ಈ ಕಾಗದ ಬರೆಯಲು ಕೂತದ್ದೇ ಇದಕ್ಕೆ. ನಾನು ಊರಿಗೆ ಬರುತ್ತಿದ್ದೇನೆ. ಮರಳಿ ಕರೆದ ಹುಡುಗರಿಗೆಂದು ಮಾರ್ಸೇಲ್ ಎಕ್ಸ್‌ಪ್ರೆಸ್ಸಿನ ಹಿಂಭಾಗಕ್ಕೆ ಬೋಗಿಗಳನ್ನು ಸೇರಿಸುತ್ತಾರಂತೆ. ಮುಂದಿನ ಬೋಗಿಯಲ್ಲಿ ನಾನು, ಆ ಇಬ್ಬರು ಹೆಂಗಸರು, ಮತ್ತು ಬೇಡವೆಂದರೂ ಕೇಳದ ಮದಾಂ ಪೆರ್ನೊ. ಸ್ಟೇಷನ್ನಿನಲ್ಲಿ ಬೀಳ್ಕೊಟ್ಟು ಮನೆಗೆ ಹೋಗುತ್ತೇನೆಂದು ರೆಮಿ ತಿಳಿದಿದ್ದಾನೆ. ಲಿಯೋನ್ ತನಕ ಟಿಕೆಟ್ ಕೊಂಡಿದ್ದೇನೆ. ಆ ರೈಲು ವಾಲ್‌ಬ್ರೂನ್‌ನಲ್ಲಿ ನಿಲ್ಲುವುದಿಲ್ಲವೆಂದು ನಿನ್ನ ಮಗಳಿಗೆ ಗೊತ್ತಿಲ್ಲವೇ? ನಿನ್ನ ಪ್ಲಾಟ್‌ಫಾರ್ಮು ಕಂಡ ಕೂಡಲೇ ರೈಲು ನಿಲ್ಲಿಸುವ ಅಪಾಯದ ಹಿಡಿಯನ್ನು ಎಳೆಯುತ್ತೇನೆ. ಭಾರ ಎತ್ತಬೇಡಿ ಎಂದಿದ್ದಾರೆ ಡಾಕ್ಟರು, ಹಿಡಿ ಎಳೆಯಬೇಡಿ ಎಂದಿಲ್ಲ. ನಿಂತ ರೈಲು ಮತ್ತೆ ಹೊರಡಬೇಕಾದರೆ ಸ್ಟೇಷನ್ ಮಾಸ್ತರ ಸೀಟಿ ಊದಬೇಕು, ಇದನ್ನು ನನಗೆ ಕಲಿಸಿದವನು ನೀನೇ. ಬೇರೆ ಊರಿನಲ್ಲಿ ಎಳೆದರೆ ಐದು ನಿಮಿಷದಲ್ಲಿ ಊದುತ್ತಾರೆ. ನಿನ್ನ ನೌಕರಿ, ನಿನ್ನ ಪಕ್ಷ, ನಿನ್ನ ಎರಡು ವರ್ಷ, ಎಲ್ಲವನ್ನೂ ಯೋಚಿಸಿಯೇ ಬರೆಯುತ್ತಿದ್ದೇನೆ. ಊದಬೇಡ ಎಂದು ನಾನು ಹೇಳುವುದಿಲ್ಲ. ಸೀಟಿ ಬಾಯಿಗಿಡುವ ಮೊದಲು ಕೊನೆಯ ಬೋಗಿಯ ತನಕ ನಡೆದು ಬಾ, ಒಂದೊಂದೇ ಕಿಟಕಿಯಲ್ಲಿ ಆ ಹುಡುಗರ ಮುಖ ನೋಡು, ಆಮೇಲೆ ನಿನಗೆ ಸರಿ ಕಂಡದ್ದು ಮಾಡು. ಊದಿದರೂ ನೀನು ನನ್ನ ಅಪ್ಪನೇ. ಗುರುವಾರ, ಮೇ ಹದಿನೇಳು, ಬೆಳಿಗ್ಗೆ ಹನ್ನೊಂದೂ ನಲವತ್ತರ ಮಾರ್ಸೇಲ್ ಎಕ್ಸ್‌ಪ್ರೆಸ್.