ಪರದೆಯ ಗಂಟು

ನಂಜನಗೂಡು
೨೨ ಏಪ್ರಿಲ್ ೨೦೦೧

ನನ್ನ ಅವ್ವನಿಗೆ,

ನೀನು ಮಾತು ಬಿಟ್ಟ ಮಗಳ ಕಾಗದವೆಂದು ಇದನ್ನು ಒಲೆಗೆ ಹಾಕಬೇಡ. ಅತ್ತೆಯ ಕೈಲಿ ಓದಿಸಲೂ ಬೇಡ, ನೀನೇ ಓದಿಕೋ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಕ್ಷೇಮವಾಗಿಲ್ಲ. ನಿನಗೂ ಟಿ. ನರಸೀಪುರದಲ್ಲಿ ಊಟ ಸೇರುತ್ತಿಲ್ಲವಂತೆ. ಸಣ್ಣತಾಯಮ್ಮತ್ತೆ ಸಂತೆಗೆ ಬಂದವರ ಹತ್ತಿರ ಹೇಳಿ ಕಳಿಸಿದ್ದಳು. ಮಾವನ ಮನೆ ಎಷ್ಟೆಂದರೂ ನಿನ್ನ ಅಣ್ಣನ ಮನೆಯೇ, ಅಲ್ಲಿದ್ದೂ ಉಪವಾಸವಿದ್ದರೆ ಯಾರಿಗೆ ಶಿಕ್ಷೆ ಹೇಳು?

ನೀನು ಮನೆ ಬಿಟ್ಟ ಕಾರಣವನ್ನು ನಾವು ಯಾರೂ ಬಾಯಿಬಿಟ್ಟು ಆಡಿಲ್ಲ. ನಾನೇ ಆಡುತ್ತೇನೆ. ಹೆಮ್ಮರಗಾಲದಾಚೆಯ ಹುಂಡಿಯ ಹಳ್ಳಿಯವರು ಕುರುಕ್ಷೇತ್ರ ನಾಟಕ ಆಡಬೇಕೆಂದು ನಮ್ಮ ಸೀನರಿ ಅಂಗಡಿಗೆ ಬಂದರು. ಪರದೆ, ಕಿರೀಟ, ಗದೆ ಎಲ್ಲ ಗೊತ್ತುಮಾಡಿಕೊಂಡು, ದ್ರೌಪದಿಗೆ ಯಾರೆಂದು ಆಲ್ಬಮ್ ತಿರುವಿದರು. ನಾನು ಹುಟ್ಟಿದ ವರ್ಷದಿಂದ ಆ ಪಾರ್ಟು ನಿನ್ನದು. ಆದರೂ ಅವರು ನಿನ್ನ ಫೋಟೋ ದಾಟಿ ನನ್ನ ಫೋಟೋದ ಮೇಲೆ ಬೆರಳಿಟ್ಟು, "ಈ ಮಗ ಆಗ್ಲಿ ಕಣಣ್ಣೋ, ವಯಸ್ಸಿನ್ ಹುಡ್ಗಿ" ಅಂದರು. ಅಪ್ಪ ಮರುಮಾತಿಲ್ಲದೆ ವೀಳ್ಯ ತೆಗೆದುಕೊಂಡ. ಒಳಗೆ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದ ನಿನ್ನ ಕೈ ನಿಂತುಹೋಯಿತು. ಮಾರನೆಯ ದಿನ ನೀನು ಮೊದಲ ಬಸ್ಸಿಗೇ ಹೊರಟೆ. ನಿನಗೆ ಕೋಪ ಅಪ್ಪನ ಮೇಲೋ ನನ್ನ ಮೇಲೋ ಇವತ್ತಿಗೂ ಗೊತ್ತಾಗಿಲ್ಲ.

ಆ ನಾಟಕ ನಿನ್ನೆ ಆಯಿತು. ರಾತ್ರಿ ಕರೆಂಟನ್ನು ನಂಬುವ ಹಾಗಿಲ್ಲವೆಂದು ಶಾಮಿಯಾನ ಹಾಕಿಸಿ ಹಗಲೇ ಆಡಿಸಿದರು. ಸೀರೆ ಎಳೆಯುವ ಸೀನಿಗೆ ನೀನು ಹೇಗೆ ಸಜ್ಜಾಗುತ್ತಿದ್ದೆ ಎಂಬುದು ಅಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲ. ನೀನು ಮೈಮೇಲಿನ ಸೀರೆಯ ಮೇಲೆ, ತುದಿಗೆ ತುದಿ ಗಂಟು ಹಾಕಿದ ಸೀರೆಗಳನ್ನು ಸುತ್ತಿ, ಕಟ್ಟಕಡೆಯ ತುದಿಯನ್ನು ಮಾತ್ರ ಕಟ್ಟದೆ ಸುಮ್ಮನೆ ಸಿಕ್ಕಿಸಿ ಬಿಡುತ್ತಿದ್ದೆ. ದುಶ್ಶಾಸನ ಎಳೆದೂ ಎಳೆದೂ ಬೀಳುವಾಗ ಅದು ತಾನಾಗಿ ಜಾರುತ್ತಿತ್ತು. ನಿನ್ನೆ ಮೈಸೂರಿನಿಂದ ಬರಬೇಕಿದ್ದ ಇನ್ನೊಬ್ಬ ಲೇಡಿ ಆರ್ಟಿಸ್ಟ್ ಇನ್ನೂ ಬಂದಿರಲಿಲ್ಲ. ಅಪ್ಪನೇ ಸುತ್ತಿದ. ಅದು ಪರದೆಯ ಹಗ್ಗ ಕಟ್ಟಿಯೇ ಬೆಳೆದ ಕೈ, ಸಡಿಲ ಬಿಟ್ಟ ತುದಿ ಕಂಡರೆ ಅವನಿಗಾಗದು. ಆ ಕೊನೆಯ ತುದಿಯನ್ನು ನನಗೆ ಗೊತ್ತಾಗದ ಹಾಗೆ ಹಿಂದಿನಿಂದ ನನ್ನದೇ ಸೆರಗಿಗೆ ಸೇರಿಸಿ, ಪರದೆಗೆ ಹಾಕುವ ಗಂಟು ಹಾಕಿಬಿಟ್ಟ. ಬಿಗಿಯಾಗಿದ್ದರೆ ಮಗಳ ಮಾನಕ್ಕೆ ಕ್ಷೇಮ ಅಂದುಕೊಂಡನಂತೆ.

ನಾನು ಕೈ ಮೇಲೆತ್ತಿ ಕೃಷ್ಣನನ್ನು ಕರೆಯುತ್ತಾ ತಿರುಗುತ್ತಿದ್ದೆ. ಸುತ್ತಿದ ಸೀರೆಗಳು ಮುಗಿದವು, ಅವುಗಳ ಹಿಂದೆಯೇ ಭುಜದ ಸೆರಗೂ ಸರಕ್ಕನೆ ಹೋಯಿತು. ಎರಡೂ ಕೈ ಎದೆಗೆ ತಂದುಕೊಂಡೆ. ಜನ ಅದೂ ನಾಟಕವೆಂದು ಸಿಳ್ಳೆ ಹಾಕಿದರು. ಹಾರ್ಮೋನಿಯಂ ನಿಲ್ಲಲಿಲ್ಲ. ಹಾಡಿನ ನಡುವೆ ಕೃಷ್ಣನ ಹೆಸರು ಬಿಟ್ಟು "ಅವ್ವಾ" ಅಂದುಬಿಟ್ಟೆ. ಅಷ್ಟು ಹೆದರಿದ್ದೆ.

ದುಶ್ಶಾಸನನ ಪಾರ್ಟು ಹಾಲಿನ ಡೈರಿಯ ಪುಟ್ಟಸ್ವಾಮಿಯದು. ಹಾಡಿನಲ್ಲಿಲ್ಲದ ಮಾತು ಕೇಳಿ ಅವನು ಎಳೆಯುವುದನ್ನು ನಿಲ್ಲಿಸಿದ. ಸಿಂಹಾಸನದ ಮೇಲಿದ್ದ ದುರ್ಯೋಧನ, "ಎಳೀಲಾ, ಯಾಕ್ಲಾ ನಿಂತ್ಕಂಡೆ" ಎಂದು ಗದರಿದ. ಪುಟ್ಟಸ್ವಾಮಿ ಮೈಕಿನ ಮುಂದೆಯೇ, "ಇದು ಆ ಮಗೀಂದೇ ಸೀರೆ ಕಣ್ಲಾ, ನಾನ್ ಎಳ್ಯಾಕಿಲ್ಲ" ಅಂದ. ಶಾಮಿಯಾನವೆಲ್ಲ ಗೊಳ್ಳೆಂದಿತು. ಅವನು ನಗಲಿಲ್ಲ. ಎಳೆದ ಸೀರೆಗಳನ್ನೆಲ್ಲ ಬಾಚಿ ತಂದು ನನ್ನ ಹೆಗಲಿಗೆ ಹೊದಿಸಿ, ಕಿರೀಟ ಕೈಲಿ ಹಿಡಿದು ಇಳಿದುಹೋದ. ಸುಗ್ಗಿಯಿಂದಲೂ ಆ ಪಾರ್ಟಿಗೆ ಒದ್ದಾಡಿದ ಮನುಷ್ಯ, ತನ್ನ ಊರಿನವರ ಮುಂದೆಯೇ ಅದನ್ನು ಬಿಟ್ಟುಕೊಟ್ಟ.

ಅಪ್ಪ ಪರದೆ ಬಿಟ್ಟ. ಗಾಬರಿಯಲ್ಲಿ ಅರಮನೆಯದರ ಬದಲು ಕಾಡಿನ ಪರದೆ ಬಿತ್ತು. ಒಳಗೆ ಬಂದು ನನ್ನ ಸೆರಗಿನ ಗಂಟಿಗೆ ಕೈಹಾಕಿದ, ಬಿಚ್ಚಲಾಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ನಾನೇ ಹಲ್ಲಿನಲ್ಲಿ ಕಚ್ಚಿ ಬಿಚ್ಚಿಕೊಂಡೆ. ಆಮೇಲೆ ಹೊರಗೆ ಹೋಗಿ, ಮುಡಿ ಬಿಚ್ಚಿ, ಶಪಥದ ಹಾಡು ಹೇಗೋ ಮುಗಿಸಿದೆ.

ಇವತ್ತು ಅಂಗಡಿ ಬಾಗಿಲು ತೆರೆದಿಲ್ಲ. ಅಪ್ಪ ಬೆಳಿಗ್ಗೆ, "ನಿಮ್ಮವ್ವುಂಗೆ ಬರಿ. ಪಾರ್ಟು ಅವಳ್ದೇ, ಇನ್ಯಾರ್ ಕೇಳುದ್ರೂ ಕೊಡಾಕಿಲ್ಲ ಅಂತ ಬರಿ" ಅಂದ. ಬರೆದಿದ್ದೇನೆ. ಆಲ್ಬಮ್ಮಿನಿಂದ ನನ್ನ ಫೋಟೋ ತೆಗೆದುಹಾಕಿದ್ದಾನೆ. ನೀನು ಬಂದರೆ ನಾನು ಮುಂಚಿನ ಹಾಗೆ ಸಖಿಯ ಪಾರ್ಟು ಮಾಡಿಕೊಂಡಿರುತ್ತೇನೆ. ಮರಿಯಯ್ಯ ತಾತ ತನ್ನ ಕೈಯಾರೆ ಪರದೆ ಬರೆದು ಕಟ್ಟಿದ ಕಂಪನಿ ಇದು. ನೀನು ಬರದೇ ಹೋದರೆ ಅಪ್ಪ ಎಲ್ಲವನ್ನೂ ಸುತ್ತಿ ಅಟ್ಟಕ್ಕೆ ಹಾಕುತ್ತಾನೆ, ಅವನ ಮುಖ ನೋಡಿದರೆ ತಿಳಿಯುತ್ತದೆ. ಮುಂದಿನ ವಾರ ತಗಡೂರಿನ ನಾಟಕವಿದೆ. ಅಷ್ಟರೊಳಗೆ ಬಂದುಬಿಡು.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ರೋಜಾ

ಮರೆತದ್ದಲ್ಲ, ಬೇಕೆಂದೇ ಕೆಳಗೆ ಬರೆಯುತ್ತಿದ್ದೇನೆ: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಿದ್ದೇನೆ, ಇದನ್ನು ಹೇಳಿಲ್ಲ. ಶಪಥದ ಹಾಡನ್ನು ಹೇಗೋ ಮುಗಿಸಿದೆ ಎಂದದ್ದು ಸುಳ್ಳು ಅವ್ವ, ಮನಸಾರೆ ಹಾಡಿದೆ. ಸಿಳ್ಳೆ ಹಾಕಿದವರೇ ಬಾಯಿ ಮುಚ್ಚಿ ಕೂತರು, ಮುಂದಿದ್ದ ಹೆಂಗಸರು ಅತ್ತರು. ನನಗೆ ಈ ಪಾರ್ಟು ಬೇಕು. ನಿನಗೆ ಹಿಂದಕ್ಕೆ ಕೊಡಲು ಮನಸ್ಸಿಲ್ಲ. ಅಪ್ಪ ಬರೆಸಿದ್ದನ್ನು ನಂಬಿ ಬಸ್ಸು ಹತ್ತಬೇಡ, ಇದನ್ನು ತಿಳಿದೂ ಬರುವ ಹಾಗಿದ್ದರೆ ಬಾ. ತಗಡೂರಿನಲ್ಲಿ ನೀನೇ ನನಗೆ ಸೀರೆ ಸುತ್ತಿದರೆ ಮಾತ್ರ ನಾನು ಸ್ಟೇಜು ಹತ್ತುತ್ತೇನೆ.