ಬುಡದ ಪೆನ್ಸಿಲ್ ಬರಹ

ಜೂನ್ 14, ಶನಿವಾರ

ಪ್ರೀತಿಯ ತಮ್ಮಾ,

ನಾವಿಲ್ಲಿ ಚೆನ್ನಾಗಿದ್ದೇವೆ, ನೀನೂ ನಿನ್ನ ಹೆಂಡತಿ ಮಕ್ಕಳೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಬೇಸರಿಸಬೇಡ. ಮೂರು ಸಲ ಬರೆದೆ, ಮೂರು ಸಲವೂ ಬರೀ ಬೈಗುಳವಾಯಿತು, ಹರಿದು ಹಾಕಿದೆ. ಇದು ನಾಲ್ಕನೆಯದು, ಕೊಂಚ ಮರ್ಯಾದೆಯಾಗಿದೆ.

ಬಿರುಗಾಳಿಗೆ ಆಸ್ಪತ್ರೆ ಗೋಡೆ ಪಕ್ಕದ ಮರ ಬಿದ್ದಿದೆಯಂತೆ, ತೆಗೆದಿಟ್ಟಿರು, ಬಂದು ಒಯ್ಯುತ್ತೇನೆ ಎಂದು ಬರೆದಿದ್ದೀಯ. ತೆಗೆದಿಟ್ಟಿದ್ದೇನೆ. ಗಾಳಿ ನಿಂತ ಬೆಳಿಗ್ಗೆಯೇ ಹೋದೆ. ರಸ್ತೆ ತೆರವು ಮಾಡುವವರು ಆಗಲೇ ಗರಗಸ ಹಿಡಿದು ಗೇಣುದ್ದದ ತುಂಡು ಹಾಕುತ್ತಿದ್ದರು. "ಅಣ್ಣಾ, ಉದ್ದ ಬಿಡಿ, ಗಿಡ್ಡ ಮಾಡಿದ್ರೆ ಒಣಗಿ ಸೀಳಿಹೋಗುತ್ತೆ" ಅಂದೆ. "ಒಲೆಗೆ ಹಾಕೋಕೆ ಉದ್ದ ಯಾಕಮ್ಮಾ?" ಅಂದ ಅವರ ಮೇಸ್ತ್ರಿ. ಕಾಡಿ ಬೇಡಿ ನಾಲ್ಕು ದಿಮ್ಮಿ ಉಳಿಸಿಕೊಂಡೆ. ಅಂದೇ ನಡು ತಿರುಳಿನ ಗುಂಟ ಸೀಳಿಸಿ, ತುದಿಗಳಿಗೆ ಮೇಣ ಬಳಿದೆ. ತಿರುಳು ಒಳಗೆ ಉಳಿದರೆ ಮರ ಬಿರುಕು ಬಿಡುವುದನ್ನು ನಿನಗೆ ಹೇಳಬೇಕಿಲ್ಲ.

ಶಾಲೆಯ ಮುಂದೆ ಬಿದ್ದಿದ್ದ ಮರ ನೆನಪಿದೆಯಲ್ಲ? ಅದರಿಂದ ಹದಿನೇಳು ಬಟ್ಟಲು ಹಸಿಯಲ್ಲೇ ಲೇತಿನಲ್ಲಿ ದಪ್ಪಗೆ ಕಡೆದಿಟ್ಟವಳು ನಾನು. ಒಣಗಲು ಒಂದು ವರ್ಷ. ಪ್ರತಿ ಭಾನುವಾರ ಒಂದೊಂದನ್ನೂ ತಕ್ಕಡಿಗಿಟ್ಟು, ತೂಕ, ತಾರೀಖು, ಕೆಳಗೆ ನನ್ನ ಹೆಸರು, ಎಲ್ಲ ಬುಡದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ. ತೂಕ ಇಳಿಯುವುದು ನಿಂತಿತು, ಮರ ಒಣಗಿತು, ಇನ್ನು ತೆಳ್ಳಗೆ ಮಾಡುವ ಕೊನೆಯ ಕಡೆತ ಎನ್ನುವಾಗ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. "ಅಕ್ಕಾ, ನೀನು ಸುಮ್ನೆ ಕೂತ್ಕೋ, ನಾನು ಮುಗಿಸಿಕೊಡ್ತೀನಿ" ಅಂದೆ ನೀನು. ಎಂಥಾ ತಮ್ಮ ಎಂದು ನನ್ನ ಕಣ್ಣು ತುಂಬಿತು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ! ಮೂವತ್ತು ವರ್ಷ ಲೇತಿನ ಮುಂದೆ ನಿಂತವಳಿಗೆ, ಕೊನೆಯ ಕಡೆತದಲ್ಲಿ ಬುಡದ ಬರಹ ಪುಡಿಯಾಗಿ ಉದುರಿಹೋಗುತ್ತದೆಂದು ಹೊಳೆಯಲಿಲ್ಲ. ಹದಿನೇಳಕ್ಕೂ ನಿನ್ನ ಹೆಸರಿನ ಕಾದ ಅಚ್ಚು ಒತ್ತಿದ್ದೆಯಲ್ಲ.

ಕೇಳಿದ್ದಕ್ಕೆ "ಮುಗಿಸಿದವರ ಹೆಸರೇ ಹಾಕೋದು ಅಕ್ಕಾ, ಎಲ್ಲಾ ಕಡೆ ಹಾಗೇ" ಅಂದೆ. ನಿನ್ನ ಕೈ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಹೊಳಪಿನಲ್ಲಿ ನನಗಿಂತ ನೀನು ಒಂದು ಕೈ ಮೇಲೆ. ಆದರೆ ಆ ಆಕಾರ ನನ್ನದು. ಅದು ನಿನಗೂ ಗೊತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿ. "ಹೋಗ್ಲಿ ಬಿಡೇ, ಒಡಹುಟ್ಟಿದೋನು" ಅನ್ನುತ್ತಾರೆ ನಿನ್ನ ಭಾವ. ಬೇರೆ ಯಾರಾದರೂ ಆಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಈ ನಾಲ್ಕು ದಿಮ್ಮಿ ನಿನಗಿಲ್ಲ. ಗಾಡಿ ತರಬೇಡ. ಈ ಸಲ ಕೊನೆಯ ತನಕ ನಾನೇ ಕಡೆಯುತ್ತೇನೆ; ಕೈ ಸೋತರೆ ಅರ್ಧಕ್ಕೇ ಬಿದ್ದಿರಲಿ.

ಮಕ್ಕಳಿಗೆ ಮುತ್ತು. ನಿನಗೆ ಆಯುಸ್ಸು, ಆರೋಗ್ಯ ಎಲ್ಲ ಸಿಗಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಹೆಸರಿನದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಬಟ್ಟಲುಗಳನ್ನಿಟ್ಟ ನಿನ್ನ ಪ್ರದರ್ಶನಕ್ಕೆ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದೆನಲ್ಲ, ಬಟ್ಟಲು ಕೊಳ್ಳಲು ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ "ಇವರು ಯಾರು?" ಎಂದು ಕೇಳಿದಳು. "ನಮ್ಮಕ್ಕ. ಎಲ್ಲೆಲ್ಲಿ ಮರ ಬಿದ್ದಿದೆ ಅಂತ ನೋಡ್ಕೊಂಡ್ ಬಂದು ಹೇಳ್ತಾಳೆ, ಪಾಪ" ಅಂದೆ ನೀನು. ನಿನಗೆ ಹತ್ತು ವರ್ಷವಿದ್ದಾಗ ಬೆನ್ನ ಹಿಂದೆ ನಿಂತು, ಕೈಮೇಲೆ ಕೈಯಿಟ್ಟು ಉಳಿ ಹಿಡಿಯಲು ಕಲಿಸಿದವಳು ನಾನು. ಆ ಹೆಂಗಸಿನ ಮುಂದೆ ನಿನ್ನ ಮಾನ ಹೋಗಬಾರದೆಂದು, ಹೌದೆಂದು ತಲೆಯಾಡಿಸಿದೆ.