ಗ್ಯೋಟೋಕುವಿನಲ್ಲಿ ಮನೆ ಮನೆ ಪ್ರಚಾರ

7-2-2021, ಭಾನುವಾರ

ಬೆಳಿಗ್ಗೆ ಎಂದಿನಂತೆ ನದಿ ದಂಡೆಯವರೆಗೆ ವಾಕಿಂಗ್. ಈ ಚಳಿಯಲ್ಲೂ ಮಾಸ್ಕ್ ಒಳಗೆ ಮೀಸೆ ಒದ್ದೆ. ವಾಪಸು ಬಂದರೆ ಅಪಾರ್ಟ್‌ಮೆಂಟ್ ಕೆಳಗಿನ ಬೆಂಚಿನ ಮೇಲೆ ಒಗಾವಾ ಸಾನ್ ಕಾಯುತ್ತಿದ್ದರು. ನಮ್ಮ ಕೆಳಗಿನ ಮನೆಯವರು; ಸಾನ್ ಎಂದರೆ ಇಲ್ಲಿ ರಾಯರು ಎಂದ ಹಾಗೆ. ಎಪ್ಪತ್ತೊಂಬತ್ತು ವಯಸ್ಸು, ಹಿಂದೆ ಸೈಕಲ್ ರಿಪೇರಿ ಅಂಗಡಿ ಇತ್ತು. ಅವರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ನಡುವೆ ಅವರ ಫೋನು. ಅವರು ಅದಕ್ಕೆ ಹೇಳುತ್ತಾರೆ, ಅದು ಹೆಂಗಸಿನ ದನಿಯಲ್ಲಿ ಕನ್ನಡ ಮಾಡಿ ಹೇಳುತ್ತದೆ — ಆಕಾಶವಾಣಿ ವಾರ್ತೆ ಓದಿದ ಹಾಗೆ.

ಇವತ್ತಿನ ವಾರ್ತೆ: ಗವರ್ನರ್ ಚುನಾವಣೆ. ನಮ್ಮಲ್ಲಿ ಗವರ್ನರ್ ಎಂದರೆ ದೆಹಲಿಯಿಂದ ಬಂದು ರಾಜಭವನದಲ್ಲಿ ಕೂರುವವರು. ಇಲ್ಲಿ ಜನರೇ ಓಟು ಹಾಕಿ ಆರಿಸುತ್ತಾರಂತೆ, ನಮ್ಮ ಮುಖ್ಯಮಂತ್ರಿಯಷ್ಟು ಅಧಿಕಾರವಂತೆ. ಅದಕ್ಕೂ ಮುಂಚೆ ಒಗಾವಾ ಸಾನ್ ಇರುವ ಪಕ್ಷದ ಸದಸ್ಯರೆಲ್ಲ ತಮ್ಮೊಳಗೇ ಓಟು ಹಾಕಿ, ಇಬ್ಬರಲ್ಲಿ ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುತ್ತಾರೆ. ಒಬ್ಬ ಪಕ್ಷದ ದೊಡ್ಡವರ ಕಡೆಯವನು. ಇನ್ನೊಬ್ಬ ಮಿಯಾತಾ. ಬಿರುಗಾಳಿಗೆ ಒಗಾವಾ ಸಾನ್ ತಂಗಿ ಮನೆಯ ಛಾವಣಿ ಹಾರಿದ ದಿನ ಹೆಗಲ ಮೇಲೆ ಟಾರ್ಪಾಲು ಹೊತ್ತು ಬಂದವನು ಈ ಮಿಯಾತಾ. ಇವರು ಅವನ ಪರ ಹಳೆಯ ಸದಸ್ಯರಿಗೆಲ್ಲ ಫೋನು ಮಾಡುತ್ತಿದ್ದಾರೆ.

ಟಿಕೆಟ್ ಜಗಳ ಅನ್ನಿ, ಎಂದೆ. ನನಗೇನು ಹೊಸದೇ. ತುರುವೇಕೆರೆ ಕಡೆ ಏಳು ಚುನಾವಣೆ ನಾನೇ ಗೆಲ್ಲಿಸಿದ್ದು ಎಂದೆ. ಫೋನು ಅದನ್ನು ಜಪಾನಿ ಮಾಡಿತು. ಒಗಾವಾ ಸಾನ್ ಎದ್ದು ನಿಂತು ಬಗ್ಗಿ ನಮಸ್ಕರಿಸಿದರು. ನಾನು ಬೇಡ ಎನ್ನಲಿಲ್ಲ.

ಊಟದ ಹೊತ್ತಿಗೆ ಶರಣ್ಯಾಗೆ ಹೇಳಿದೆ. ಅಕ್ಕನ ಮಗಳು, ನಾನು ಎತ್ತಿ ಆಡಿಸಿದ ಕೂಸು, ಈಗ ನನಗೇ ಗದರುತ್ತಾಳೆ. ಅವಳ ಗಂಡ ವಿವೇಕ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ ಅಂದ, “ಮಾಮನ ಮಾತಿಗೆ ಫಿಫ್ಟಿ ಪರ್ಸೆಂಟ್ ಡಿಸ್ಕೌಂಟ್ ಅಂತ ಒಗಾವಾ ಸಾನ್‌ಗೆ ಯಾರಾದ್ರೂ ಹೇಳಿದೀರಾ?”

ಅವನ ಚಿಂತೆ ಬೇರೆ. ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದಾನೆ. ದಿನಾ ಇಳಿದು ಹೋಗಿ ಪೋಸ್ಟ್ ಡಬ್ಬಿ ನೋಡುತ್ತಾನೆ. ನನ್ನ ವೀಸಾಗೂ ಅವನದೇ ಜಾಮೀನು. ಹೋದ ಫೆಬ್ರವರಿಯಲ್ಲಿ ಒಂದು ತಿಂಗಳೆಂದು ಜಪಾನಿಗೆ ಬಂದವನು ನಾನು. ಕೊರೋನಾ, ವಿಮಾನ ಬಂದ್. ಈಗ ವಿಮಾನ ಇದೆಯಂತೆ. ವಿವೇಕ್ ಎರಡು ಸಲ ಹೇಳಿದ. ನನಗೆ ಕೇಳಿಸಲಿಲ್ಲ.

15-2-2021

ಮಿಯಾತಾಗೆ ಟಿಕೆಟ್ ಇಲ್ಲ. ಪಕ್ಷದ ಓಟಿನಲ್ಲಿ ಸೋತ. ಒಗಾವಾ ಸಾನ್ ಫೋನು ಮಾಡಿದವರೆಲ್ಲ ಆಗಲಿ ಎಂದವರೇ. ಹಾಕಿದ್ದು ಇನ್ನೊಬ್ಬನಿಗೆ.

ಈಗ ಮಿಯಾತಾ ಪಕ್ಷೇತರನಾಗಿ ನಿಲ್ಲುತ್ತಾನೆ. ನಾನು ಫೋನಿಗೆ ನಿಧಾನವಾಗಿ ಹೇಳಿದೆ — ಇದಕ್ಕೆ ನಮ್ಮಲ್ಲಿ ಬಂಡಾಯ ಅಭ್ಯರ್ಥಿ ಎನ್ನುತ್ತೇವೆ, ಇದರಲ್ಲಿ ನಾನು ಎತ್ತಿದ ಕೈ. ಒಗಾವಾ ಸಾನ್ ನಗಲಿಲ್ಲ. ನಲವತ್ತು ವರ್ಷ ತೊಟ್ಟ ಪಕ್ಷದ ಜಾಕೆಟ್ಟನ್ನು ನೀಟಾಗಿ ಮಡಿಚಿ ಆಫೀಸಿಗೆ ಕೊಟ್ಟು ಬಂದರಂತೆ. ಕೊಟ್ಟಾಗ ಯಾರೂ ತಡೆಯಲಿಲ್ಲವಂತೆ. ಅದನ್ನು ಫೋನಿಗೆ ಎರಡು ಸಲ ಹೇಳಿದರು, ನನಗೆ ಅರ್ಥವಾಗಲಿಲ್ಲವೇನೋ ಎಂದು.

4-3-2021, ಗುರುವಾರ

ಪ್ರಚಾರ ಶುರು. ಇದನ್ನು ಪ್ರಚಾರ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ರೈಲು ಸ್ಟೇಷನ್ ಎದುರು ಒಂದು ಹಲಗೆ. ಅದರ ಮೇಲೆ ನಂಬರ್ ಹಾಕಿದ ಚೌಕಗಳು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಚೌಕ, ಒಂದೊಂದು ಪೋಸ್ಟರ್. ಬೇರೆ ಗೋಡೆ ಮುಟ್ಟುವ ಹಾಗಿಲ್ಲ. ಆಮೇಲೆ ಒಂದು ವ್ಯಾನು, ಅದಕ್ಕೆ ಮೈಕು. ಒಳಗಿಂದ ಬಿಳಿ ಕೈಗವಸು ತೊಟ್ಟ ಕೈಗಳು ಖಾಲಿ ರಸ್ತೆಗೆ ಟಾಟಾ ಮಾಡುತ್ತವೆ. ಕೊರೋನಾ ಎಮರ್ಜೆನ್ಸಿ ಎಂದು ಜನ ಹೊರಗೇ ಬರುವುದಿಲ್ಲ. ಮನೆಗೆ ಬಂದು ಕೈ ಮುಗಿಯುವವನು ಒಬ್ಬನೂ ಇಲ್ಲ. ಓಟು ಕೇಳದೆ ಓಟು ಹೇಗೆ ಬೀಳುತ್ತದೆ?

ಶರಣ್ಯಾ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. “ಇದಕ್ಕೆ ಇಲ್ಲಿ ಏನಂತಾರೆ ಗೊತ್ತಾ ಮಾಮ? ಬೆರಾಂದಾ.”

“ನಮ್ಮ ವರಾಂಡಾ ತಾನೆ? ನೋಡು, ಕಲಿಯದೇ ಜಪಾನಿ ಬಂತು.”

ಅದೇ ಖುಷಿಯಲ್ಲಿ ಕೇಳಿದೆ, ಮಿಯಾತಾಗೆ ಹಾಕಿ ಅನ್ನೋದು ಹೇಗೆ? ನಗುತ್ತಾ ಹೇಳಿಕೊಟ್ಟಳು. “ಮಿಯಾತಾ ಒ ಒನೆಗಾಯ್‌ಶಿಮಾಸು.” ಯಾಕೆಂದು ಕೇಳಲಿಲ್ಲ. ಸ್ನಾನದ ಮನೆಯಲ್ಲಿ ಹತ್ತು ಸಲ ಹೇಳಿಕೊಂಡೆ. ಚೆನ್ನಾಗಿ ಕೂತಿದೆ.

12-3-2021, ಶುಕ್ರವಾರ

ನಿನ್ನೆಯಿಂದ ಕೆಲಸಕ್ಕೆ ಇಳಿದಿದ್ದೇನೆ. ಯಾರಿಗೂ ಹೇಳಿಲ್ಲ. ಗೆದ್ದ ಮೇಲೆ ಹೇಳೋಣ ಎಂದು.

ನಮ್ಮ ಬೀದಿಯ ಒಂದು ಪಕ್ಕ ನಿನ್ನೆ, ಇನ್ನೊಂದು ಇವತ್ತು. ಬೆಲ್ ಒತ್ತುವುದು, ಎರಡು ಹೆಜ್ಜೆ ಹಿಂದೆ ನಿಲ್ಲುವುದು, ಬಗ್ಗುವುದು, ಮಾತು ಹೇಳುವುದು. ಕೈಯಲ್ಲಿ ಒಂದು ಬಾಳೆಹಣ್ಣೂ ಇಲ್ಲ. ನಮ್ಮೂರಲ್ಲಿ ಇಷ್ಟು ಶುದ್ಧವಾಗಿ ಯಾರೂ ಓಟು ಕೇಳಿಲ್ಲ. ಒಬ್ಬ ಅಜ್ಜಿ ಕಿತ್ತಳೆ ಕೊಟ್ಟಳು. ಒಬ್ಬ ಹುಡುಗಿ ಮೀಸೆ ನೋಡಿ ನಕ್ಕಳು. ಕೆಲವರು ಗೋಡೆಯ ಸ್ಪೀಕರ್ ಡಬ್ಬಿಯೊಳಗಿಂದಲೇ ಏನೋ ಹೇಳಿದರು. ಡಬ್ಬಿಗೂ ಬಗ್ಗಿದೆ.

ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟ್ ಎದುರಿನ ಮನೆ. ಬೆಲ್ ಮೇಲೆ ಬೆರಳು ಇಟ್ಟಿದ್ದೆ ಅಷ್ಟೆ, ಹಿಂದಿನಿಂದ ಯಾರೋ ತೋಳು ಹಿಡಿದೆಳೆದರು. ಒಗಾವಾ ಸಾನ್. ಓಡಿ ಬಂದಿದ್ದರು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. “ದಾಮೆ, ದಾಮೆ.” ಬೇಡ ಎನ್ನುವುದಕ್ಕೆ ಹಾಗೆನ್ನುತ್ತಾರೆ, ಅದು ಗೊತ್ತು. ನಡು ರಸ್ತೆಯಲ್ಲಿ ನನ್ನನ್ನು ಮಗುವಿನ ಹಾಗೆ ಎಳೆದುಕೊಂಡು ಬಂದರು.

ಮೇಲೆ ನೋಡಿದರೆ ನಮ್ಮ ಬಾಲ್ಕನಿಯಲ್ಲಿ ವಿವೇಕ್. ಕಿವಿಗೆ ಹೆಡ್‌ಫೋನು, ಬಾಯಿ ತೆರೆದಿತ್ತು. ಎಲ್ಲ ನೋಡಿದ್ದಾನೆ.

ಸಂಜೆ ನನಗೆ ಪೂಜೆಯಾಯಿತು. ಇಲ್ಲಿ ಮನೆ ಮನೆಗೆ ಹೋಗಿ ಓಟು ಕೇಳುವುದು ಕಾನೂನಿನಲ್ಲಿ ಅಪರಾಧವಂತೆ. ತಿಂಡಿ ಕೊಡಲಿ ಬಿಡಲಿ.

“ಮನೆಗೆ ಹೋಗೋದು ಅಪರಾಧವೇನಪ್ಪ? ಬೈದ್ರೆ ಎದುರು ನಿಂತು ಬೈಸ್ಕೋಬೇಕು, ಅದು ಮರ್ಯಾದೆ.”

“ಮಾಮ, ಪೊಲೀಸ್ ಕೇಸ್ ಆದ್ರೆ ನಿಮ್ಮ ಗ್ಯಾರಂಟರ್ ಯಾರು? ನಾನು. ನನ್ನ ಫೈಲ್ ಎಲ್ಲಿದೆ? ಇಮಿಗ್ರೇಷನ್ ಟೇಬಲ್ ಮೇಲಿದೆ. ಹನ್ನೊಂದು ವರ್ಷ ನಾನು ಇಲ್ಲಿ ಸಿಗ್ನಲ್ ಕೂಡ ಜಂಪ್ ಮಾಡಿಲ್ಲ.”

ಶರಣ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ಮಾತು ಕಲಿಸಿದ್ದು ತಾನು ಎಂದು ಒಳಗೊಳಗೇ ಕುಗ್ಗಿದ್ದಳು. ಕಲಿಸಿದ್ದು ಅವಳೆಂದು ನಾನು ಬಾಯಿ ಬಿಡಲಿಲ್ಲ.

21-3-2021, ಭಾನುವಾರ

ಮತದಾನ. ಒಗಾವಾ ಸಾನ್ ಕೋಟು ಟೈ ಹಾಕಿ ಬಂದರು. ಇಪ್ಪತ್ತನೇ ವಯಸ್ಸಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲವಂತೆ. ಹೆಂಡತಿ ತೀರಿಕೊಂಡ ವಾರದಲ್ಲಿ ಬಂದದ್ದನ್ನೂ. ಶಾಲೆಯ ಗೇಟಿನವರೆಗೆ ಜೊತೆಗೆ ಹೋದೆ, ಒಳಗೆ ಬಿಡುವುದಿಲ್ಲ. ಇಲ್ಲಿ ಗುರುತಿಗೆ ಒತ್ತುವುದಿಲ್ಲ, ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಕೊರೋನಾ ಎಂದು ಪೆನ್ಸಿಲು ಮನೆಯಿಂದಲೇ ತಂದಿದ್ದರು. ಹೊರಗೆ ಬಂದು ಆ ಪೆನ್ಸಿಲನ್ನು ನನಗೆ ಕೊಟ್ಟರು. ಈಗ ಬರೆಯುತ್ತಿರುವುದು ಅದರಲ್ಲೇ.

ಎಂಟು ಗಂಟೆಗೆ ಮತದಾನ ಮುಗಿಯಿತು. ಟಿವಿಯವರು ಆಗಲೇ ಹೇಳಿಬಿಟ್ಟರು. ಮಿಯಾತಾ ಸೋತ. ಒಳ್ಳೆಯ ಅಂತರವೇ.

31-3-2021

ಒಂಬತ್ತು ದಿನದಿಂದ ಬೆಂಚು ಖಾಲಿ. ಕೆಳಗಿನ ಮನೆಯ ಪರದೆ ತೆರೆದಿಲ್ಲ. ಸೋತ ಬೇಸರ ಅಂದುಕೊಂಡಿದ್ದೆ. ನಾನು ಕಟ್ಟಿದ ಪಾರ್ಟಿ ಸೋತಾಗ ನಾನೂ ಹೀಗೇ ಮಲಗುತ್ತಿದ್ದೆ ಎಂದು ಶರಣ್ಯಾಗೆ ಹೇಳಿದ್ದೂ ಆಯಿತು. ಇವತ್ತು ಅವಳು ಟೊಮೆಟೊ ಸಾರು ತೆಗೆದುಕೊಂಡು ಹೋದಳು. ತುಂಬ ಹೊತ್ತು ಬರಲಿಲ್ಲ.

“ಮಾಮ, ಕೂತ್ಕೊಳ್ಳಿ.”

ಚುನಾವಣೆ ಮುಗಿದ ಮೇಲೆ ಪೊಲೀಸರು ಬಂದಿದ್ದರಂತೆ. ಒಂದು ಮನೆಯ ಬೆಲ್ಲಿನಲ್ಲಿ ಕ್ಯಾಮೆರಾ. ಅದರೊಳಗೆ ನಾನು, ಮೀಸೆ ಸಮೇತ. ಯಾರಿವನು ಎಂದು ಒಗಾವಾ ಸಾನ್‌ರನ್ನು ಕೇಳಿದ್ದಾರೆ. ಮಿಯಾತಾ ಪರ ಓಡಾಡಿದವರು ಈ ಬೀದಿಯಲ್ಲಿ ಅವರೊಬ್ಬರೇ. ಅವರು ಹೇಳಿದ್ದು: “ನಾನೇ ಕಳಿಸಿದೆ. ಆತನಿಗೆ ಭಾಷೆ ಗೊತ್ತಿಲ್ಲ, ಕಾನೂನು ಗೊತ್ತಿಲ್ಲ. ಮಾತು ಕಲಿಸಿದವನೂ ನಾನೇ.”

“ಯಾಕಮ್ಮ ಹಾಗಂದ್ರು?”

“ಕೇಳ್ದೆ. ಪಕ್ಷದ ಓಟಲ್ಲಿ ಎಲ್ರೂ ಆಯ್ತು ಆಯ್ತು ಅಂದು ಕೈಕೊಟ್ರಲ್ಲ. ಕೇಳದೇನೇ ಬೀದಿಗೆ ಇಳಿದವರು ನೀವೊಬ್ರೇ ಅಂತೆ. ನಮ್ಮನೆ ಅರ್ಜಿ ವಿಷಯಾನೂ ಅವ್ರಿಗೆ ಗೊತ್ತು.”

“ಏನ್ ಮಾಡ್ತಾರೆ ಅವ್ರನ್ನ?”

“ಫೈನ್ ಇರಬಹುದು. ಅದಲ್ಲ ಮಾಮ. ಶಿಕ್ಷೆ ಆದ್ರೆ ಐದು ವರ್ಷ ಓಟು ಹಾಕೋ ಹಾಗಿಲ್ಲ.”

ಎಪ್ಪತ್ತೊಂಬತ್ತಕ್ಕೆ ಐದು.

3-4-2021, ಶನಿವಾರ

ವಿವೇಕನಿಗೆ ಇಮಿಗ್ರೇಷನ್ನಿಂದ ಕಾರ್ಡು ಬಂತು. ಪಾಸ್‌ಪೋರ್ಟ್ ತೆಗೆದುಕೊಂಡು ಬನ್ನಿ ಎಂದು. ಹಾಗೆ ಬಂದರೆ ಒಳ್ಳೆಯ ಸುದ್ದಿಯೇ ಅಂತೆ. ಹದಿನಾಲ್ಕಕ್ಕೆ ಹೋಗಲು ರಜೆ ಹಾಕಿದ್ದಾನೆ. ಶರಣ್ಯಾ ಕೇಸರಿಬಾತ್ ಮಾಡಿದಳು. ಮೂವರೂ ತಟ್ಟೆ ನೋಡುತ್ತಾ ತಿಂದೆವು.

5-4-2021

ಒಗಾವಾ ಸಾನ್ ಎಂಟನೇ ತಾರೀಖು ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕಂತೆ. ನಾನು ಮೊದಲೇ ಹೋಗಿ ನಿಜ ಹೇಳುತ್ತೇನೆ ಎಂದೆ.

ವಿವೇಕ್ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ಹದಿನಾಲ್ಕರವರೆಗೆ ಸುಮ್ನಿರಿ ಮಾಮ. ಕೈ ಮುಗೀತೀನಿ. ಆಮೇಲೆ ಏನ್ ಬೇಕಾದ್ರೂ ಹೇಳಿ.”

“ಎಂಟಕ್ಕೆ ಸಹಿ ಕಣಪ್ಪ.”

“ಗೊತ್ತು.”

“ಅವರು ನನ್ನನ್ನ ಎಳ್ಕೊಂಡು ಬಂದಿದ್ದು ನೀನೇ ನೋಡಿದೀಯ. ಕಳ್ಸೋರು ಎಳೀತಾರೇನೋ?”

ಅವನು ಎದ್ದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡ. ಗಾಜಿನಾಚೆ ಅವನ ಬೆನ್ನು. ಹನ್ನೊಂದು ವರ್ಷದ ಬೆನ್ನು.

6-4-2021

ಏಳು ಚುನಾವಣೆ ಗೆಲ್ಲಿಸಿದವನು ನಾನು. ಇಲ್ಲಿ ಓದುವವರು ಯಾರೂ ಇಲ್ಲ, ನಿಜ ಬರೆದರೇನು. ಶಾಮಿಯಾನ ಕಟ್ಟಿಸಿದ್ದು, ಸಭೆಗೆ ಕುರ್ಚಿ ಜೋಡಿಸಿದ್ದು. ಗೆದ್ದವನು ಒಂದು ಸಲ ಹೆಗಲ ಮೇಲೆ ಕೈ ಹಾಕಿದ್ದ, ಅಷ್ಟೆ.

ಶರಣ್ಯಾ ಪಾತ್ರೆ ತೊಳೆಯುತ್ತಿದ್ದಳು. ಮೆಲ್ಲಗೆ ಕೇಳಿದೆ, “ನಾನೇ ಮಾಡಿದ್ದು ಅನ್ನೋಕೆ ಏನಂತಾರೆ?” ನಲ್ಲಿ ನಿಲ್ಲಿಸಿದಳು. ಹಿಂದೆ ತಿರುಗದೆ ಅಂದಳು, “ವತಾಶಿ ಗಾ ಯಾರಿಮಾಶಿತಾ.” ಕೈ ಒರೆಸಿಕೊಂಡು, “ನಾನೂ ಬರ್ತೀನಿ. ವಿವೇಕ್‌ಗೆ ನಾಳೆ ಮೀಟಿಂಗ್ ಇದೆ ಹತ್ತು ಗಂಟೆಗೆ. ಆಗ ಹೋಗೋಣ.”

7-4-2021, ಬುಧವಾರ, ಪೊಲೀಸ್ ಸ್ಟೇಷನ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಹಣೆಗೆ ಟೆಂಪರೇಚರ್ ನೋಡಿ ಒಳಗೆ ಬಿಟ್ಟರು. ಪ್ಲಾಸ್ಟಿಕ್ ಪರದೆಯಾಚೆ ಚಿಕ್ಕ ವಯಸ್ಸಿನ ಆಫೀಸರ್. ಎದ್ದು ನಿಂತು, ಬಗ್ಗಿ, ಕಲಿತದ್ದು ಹೇಳಿದೆ. ತಪ್ಪಿಲ್ಲದೆ ಬಂತು. ಅವನು ಕಣ್ಣಲ್ಲೇ ನಕ್ಕು ಶರಣ್ಯಾ ಹತ್ತಿರ ಏನೋ ಹೇಳಿದ. ಅವಳು ತಲೆ ತಗ್ಗಿಸಿದಳು.

“ಏನಂತೆ?”

“ನೀವು ಬರ್ತೀರ ಅಂತ ಒಗಾವಾ ಸಾನ್ ಮೊದ್ಲೇ ಹೇಳಿದಾರಂತೆ. ಆತ ಎಲ್ಲದಕ್ಕೂ ನಾನೇ ಮಾಡಿದ್ದು ಅನ್ನೋ ಮನುಷ್ಯ, ಒಳ್ಳೆಯವನು, ನಂಬಬೇಡಿ ಅಂತ.”

ಇನ್ನೊಂದು ಸಲ ಹೇಳಿದೆ, ಜೋರಾಗಿ. ಅವನು ಗೌರವದಿಂದಲೇ ಕೇಳಿದ: ಒಗಾವಾ ಸಾನ್ ಕಳಿಸಲಿಲ್ಲ ಎನ್ನಲು ಬೇರೆ ಯಾರಾದರೂ ನೋಡಿದ್ದಾರೆಯೇ? ಶರಣ್ಯಾ ನನ್ನ ಮುಖ ನೋಡಿದಳು. ನಾನು ಇಲ್ಲ ಎಂದೆ. ಯಾರೂ ನೋಡಿಲ್ಲ. ನನ್ನ ಮಾತೇ ಸಾಕ್ಷಿ. ಹಾಗಾದರೆ ಮನೆಗೆ ಹೋಗಿ ಎಂದ. ನಾನು ಏಳಲಿಲ್ಲ. ಹೊರಗಿನ ಬೆಂಚಿಗೆ ಕಳಿಸಿದರು.

ಹನ್ನೊಂದೂಕಾಲು

ವಿವೇಕ್ ಬಂದ. ನಾವು ಕರೆದಿಲ್ಲ. ಮನೆಯಲ್ಲಿ ಹಾಕುವ ಪ್ಯಾಂಟು, ಮೇಲೆ ಮೀಟಿಂಗಿನ ಶರ್ಟು, ಕೊರಳಲ್ಲಿ ಇನ್ನೂ ಹೆಡ್‌ಫೋನು. ನಮ್ಮ ಕಡೆ ತಿರುಗಲಿಲ್ಲ. ನೇರ ಕೌಂಟರಿಗೆ ಹೋಗಿ ತನ್ನ ಗುರುತಿನ ಕಾರ್ಡು ತೋರಿಸಿದ. ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ನನ್ನನ್ನು ವಾಪಸು ಕರೆದುಕೊಂಡು ಹೋಗುವುದಕ್ಕೆ ಬಂದನೋ, ನನ್ನ ಮಾತಿಗೆ ಅರ್ಧ ಡಿಸ್ಕೌಂಟ್ ಎಂದು ಅವರಿಗೂ ಹೇಳಲು ಬಂದನೋ. ಹಾಗೆ ಹೇಳಿದರೆ ಅವನದು ತಪ್ಪಲ್ಲ. ನಾನು ಕೋಪ ಮಾಡಿಕೊಳ್ಳುವುದಿಲ್ಲ, ಇದನ್ನು ಬರೆದಿಟ್ಟಿದ್ದೇನೆ.

ಗೋಡೆ ತೆಳು, ಹಲಗೆಯದು. ಅವನ ದನಿ ಬರುತ್ತಿದೆ. ಶರಣ್ಯಾ ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ.

“ಏನಂತಿದಾನೆ?”

“ಸುಮ್ನಿರಿ ಮಾಮ.”

ನನಗೆ ಒಂದಕ್ಷರವೂ ತಿಳಿಯುತ್ತಿಲ್ಲ. ಆಫೀಸರ್ ಏನೋ ಕೇಳಿದ. ವಿವೇಕ್ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಾನೆ. ಅದರಲ್ಲೊಂದು ನನಗೆ ಗೊತ್ತು. ಬೆರಾಂದಾ. ನಮ್ಮ ಬಾಲ್ಕನಿ. ಮತ್ತೆ ಅಂದ, ಬೆರಾಂದಾ. ಶರಣ್ಯಾ ನನ್ನ ಕೈ ಹಿಡಿದುಕೊಂಡಳು, ಬರೆಯಲು ಆಗುತ್ತಿ—